ಶ್ರುತಸೇವೆಯ ತಪಸ್ಸು

ಸ್ವಾಧ್ಯಾಯವು ಆರು ಅಂತರಂಗ ತಪಸ್ಸುಗಳಲ್ಲಿ ಒಂದೆಂದು ಜೈನಶಾಸ್ತ್ರ ಸಾರುತ್ತದೆ. ಉಪವಾಸ ಕೈಗೊಂಡವರನ್ನು ನಾವು ಕೂಡಲೇ ಗುರುತಿಸಿ ಕೈಮುಗಿಯುತ್ತೇವೆ. ಗ್ರಂಥದ ಮುಂದೆ ಕುಳಿತವರ ತಪಸ್ಸು ಕಣ್ಣಿಗೆ ಬೀಳುವುದಿಲ್ಲ. ಪ್ರೊ. ಆದಿನಾಥ ನೇಮಿನಾಥ ಉಪಾಧ್ಯೆಯವರದು ಅಂಥ ತಪಸ್ಸು.

1906ರಲ್ಲಿ ಬೆಳಗಾವಿ ಜಿಲ್ಲೆಯ ಸದಲಗಾದಲ್ಲಿ ಜನಿಸಿದ ಅವರು, 1930ರಿಂದ ಮೂರು ದಶಕಗಳ ಕಾಲ ಕೊಲ್ಹಾಪುರದ ರಾಜಾರಾಮ ಕಾಲೇಜಿನಲ್ಲಿ ಅರ್ಧಮಾಗಧಿಯನ್ನು ಬೋಧಿಸಿದರು. ಅಂದು ಎಷ್ಟೋ ಶಾಸ್ತ್ರಗಳು ಭಂಡಾರಗಳಲ್ಲೇ ಉಳಿದಿದ್ದವು. ಶ್ರುತಪಂಚಮಿಯಂದು ಪೂಜೆ ಸಲ್ಲುತ್ತಿತ್ತು, ಓದುವವರು ವಿರಳ. ಕಟ್ಟು ಬಿಚ್ಚದ ಓಲೆಗೆ ಅಷ್ಟದ್ರವ್ಯಗಳನ್ನು ಅರ್ಪಿಸಿದರೂ ಗೆದ್ದಲು ಅದನ್ನು ಬಿಡದು! ಉಪಾಧ್ಯೆಯವರು ಒಂದೊಂದು ಗ್ರಂಥದ ಹಲವು ಪ್ರತಿಗಳನ್ನು ಅರಸಿ, ಪಾಠಗಳನ್ನು ತಾಳೆನೋಡಿ, ಲಿಪಿಕಾರನ ಸ್ಖಾಲಿತ್ಯವಾವುದು, ಆಚಾರ್ಯರ ನುಡಿಯಾವುದು ಎಂದು ಬೇರ್ಪಡಿಸಿದರು. 1935ರಲ್ಲಿ ಹೊರಬಂದ, ಕುಂದಕುಂದಾಚಾರ್ಯರ ‘ಪ್ರವಚನಸಾರ’ದ ಅವರ ಆವೃತ್ತಿಯೂ ಅದರ ಸುದೀರ್ಘ ಪ್ರಸ್ತಾವನೆಯೂ ಇಂದಿಗೂ ವಿದ್ವಾಂಸರಿಗೆ ಆಧಾರ. ‘ಪರಮಾತ್ಮಪ್ರಕಾಶ’, ‘ವರಾಂಗಚರಿತ’, ‘ಕುವಲಯಮಾಲಾ’ ಅನಂತರ ಬಂದವು. ಹರಿಷೇಣನ ‘ಬೃಹತ್ಕಥಾಕೋಶ’ಕ್ಕೆ ಬರೆದ ಪ್ರಸ್ತಾವನೆಯಲ್ಲಿ ಆರಾಧನಾ ಕಥೆಗಳ ಪರಂಪರೆಯನ್ನು ವಿವರಿಸುತ್ತ, ನಮ್ಮ ‘ವಡ್ಡಾರಾಧನೆ’ಯ ಬೇರುಗಳನ್ನು ತೋರಿಸಿದ್ದು ಕನ್ನಡಿಗರಿಗೆ ಮಾಡಿದ ದೊಡ್ಡ ಉಪಕಾರವೆಂದೇ ನಾನು ಭಾವಿಸುತ್ತೇನೆ.

ಡಾ. ಹೀರಾಲಾಲ ಜೈನರೊಡನೆ ಸೊಲ್ಲಾಪುರದ ಜೀವರಾಜ ಗ್ರಂಥಮಾಲೆಯ ಸಂಪಾದಕತ್ವವನ್ನೂ ಅವರು ಹೊತ್ತರು. ತಮ್ಮ ಕೃತಿಗಳಷ್ಟೇ ಶ್ರದ್ಧೆಯಿಂದ ಅನ್ಯರ ಕೃತಿಗಳನ್ನು ತಿದ್ದಿ ಹೊರತರುವುದೂ ವೈಯಾವೃತ್ತ್ಯವೇ ಅಲ್ಲವೇ? 1967ರಲ್ಲಿ ಶ್ರವಣಬೆಳಗೊಳದ ಕನ್ನಡ ಸಾಹಿತ್ಯ ಸಮ್ಮೇಳನ ಅವರನ್ನು ಅಧ್ಯಕ್ಷಪೀಠದಲ್ಲಿ ಕೂರಿಸಿ ಗೌರವಿಸಿತು. ಇಳಿವಯಸ್ಸಿನಲ್ಲಿಯೂ ವಿಶ್ರಮಿಸದೆ ಮೈಸೂರು ವಿಶ್ವವಿದ್ಯಾನಿಲಯದ ಜೈನಶಾಸ್ತ್ರ ಮತ್ತು ಪ್ರಾಕೃತ ವಿಭಾಗವನ್ನು ಮುನ್ನಡೆಸಿದರು. 1975ರಲ್ಲಿ ಅವರು ನಮ್ಮನ್ನಗಲಿದರು. ಬಸದಿಗಳ ಭಂಡಾರಗಳಲ್ಲಿ ಬಿಚ್ಚದ ಕಟ್ಟುಗಳು ಇನ್ನೂ ಇವೆ.