ದರಿಯಾ ದೌಲತ್‌ನ ನೆರಳಿನಲ್ಲಿ ಭಾನುವಾರ

ಭಾನುವಾರದ ಬಲಿಪೂಜೆ ಮುಗಿದೊಡನೆ ಧರ್ಮಕೇಂದ್ರದ ಯುವಜನರು ಬಸ್ಸನ್ನೇರಿ ವಿಹಾರಕ್ಕೆ ಹೊರಟರೆ ಮೂಗು ಮುರಿಯುವ ಹಿರಿಯರು ನಮ್ಮಲ್ಲಿದ್ದಾರೆ. ಪ್ರಭುವಿನ ದಿನವಿರುವುದು ಪ್ರಾರ್ಥನೆಗೆ ಮಾತ್ರವೆಂಬುದು ಅವರ ವಾದ. ಧರ್ಮಸಭೆಯ ಕಾನೂನು ಹಾಗೆ ಹೇಳುವುದಿಲ್ಲ. 1983ರ ಸಂಹಿತೆಯ 1247ನೆಯ ವಿಧಿಯು ಬಲಿಪೂಜೆಯಲ್ಲಿ ಪಾಲ್ಗೊಳ್ಳಬೇಕೆಂದು ವಿಧಿಸುವುದರ ಜೊತೆಗೇ, ಆ ದಿನಕ್ಕೆ ಸಲ್ಲುವ ಸಂತೋಷಕ್ಕೂ ದೇಹ-ಮನಸ್ಸುಗಳ ವಿಶ್ರಾಂತಿಗೂ ಅಡ್ಡಿಯಾಗುವ ಕೆಲಸಗಳನ್ನು ಬಿಡಬೇಕೆನ್ನುತ್ತದೆ. ಸದಾ ಬಿಗಿದ ಬಿಲ್ಲು ಮುರಿಯುವಂತೆ ವಿರಾಮವಿಲ್ಲದ ಮನಸ್ಸೂ ಮುರಿದೀತೆಂಬ ಹಳೆಯ ದೃಷ್ಟಾಂತವನ್ನು ಸಂತ ಥಾಮಸ್ ಅಕ್ವಿನಾಸರು ಎತ್ತಿಕೊಂಡಿದ್ದಾರೆ. ಮಿತಿಯರಿತ ವಿನೋದವನ್ನು ಅವರು ಸದ್ಗುಣದ ಸಾಲಿಗೆ ಸೇರಿಸುತ್ತಾರೆ. ತಾನೂ ನಗದೆ ಪರರ ನಗುವನ್ನೂ ಸಹಿಸದವನಲ್ಲಿ ದೋಷ ಕಾಣುತ್ತಾರೆ. ಮೂಗು ಮುರಿಯುವವರು ಗಮನಿಸಬೇಕು!

ಆದರೆ ಒಂದೇ ಹಗಲಿನಲ್ಲಿ ಐದು ಊರು ಸುತ್ತಿಸಿ, ಎಲ್ಲೂ ಅರ್ಧ ಗಂಟೆ ನಿಲ್ಲಗೊಡದ ಪ್ರವಾಸ ವಿಶ್ರಾಂತಿಯಲ್ಲ. ಅದು ದುಡಿಮೆಯ ಇನ್ನೊಂದು ರೂಪ. ಅದರ ಬದಲು ಶ್ರೀರಂಗಪಟ್ಟಣದಲ್ಲಿ ಕಾವೇರಿಯ ದಡದ ದರಿಯಾ ದೌಲತ್ ಉದ್ಯಾನವೊಂದಕ್ಕೇ ಒಂದು ದಿನವನ್ನು ಕೊಡಬಾರದೇಕೆ? ಟಿಪ್ಪು ಸುಲ್ತಾನ್ 1784ರಲ್ಲಿ ಕಟ್ಟಿಸಿದ ಬೇಸಿಗೆಯ ಅರಮನೆ ಅದು. ಹೆಸರಿನ ಅರ್ಥ ಕಡಲಿನ ಸಂಪತ್ತು. ಹೊರಗೋಡೆಯ ಮೇಲೆ 1780ರ ಪೊಳ್ಳಿಲೂರು ಕದನದ ಚಿತ್ರವಿದೆ: ಆನೆ, ಕುದುರೆ, ಸಿಡಿಯುತ್ತಿರುವ ಮದ್ದಿನ ಬಂಡಿ, ಪಲ್ಲಕ್ಕಿಯೊಳಗೆ ಸೋತ ಕರ್ನಲ್ ಬೇಲಿ. ಮಕ್ಕಳು ಕುದುರೆಗಳನ್ನು ಎಣಿಸತೊಡಗಿದರೆ ಅವಸರಪಡಿಸದಿರಿ. ಬಳಿಕ ಮರದ ನೆರಳಿನಲ್ಲಿ ನಡೆಯಲಿ, ಹುಲ್ಲಿನ ಮೇಲೆ ಸುಮ್ಮನೆ ಕೂರಲಿ. ರಕ್ಷಿತ ಸ್ಮಾರಕವಾದುದರಿಂದ ಚೆಂಡಾಟಕ್ಕೂ ಅಡುಗೆಗೂ ಅದು ಎಡೆಯಲ್ಲ.

ಹೊಳೆಯ ವಿಷಯದಲ್ಲಿ ಮಾತ್ರ ನಾನು ಕಟ್ಟುನಿಟ್ಟು. ಕವಲೊಡೆದ ಕಾವೇರಿ ಮತ್ತೆ ಕೂಡುವ ಸಂಗಮದಲ್ಲಿ ನೀರು ಶಾಂತವಾಗಿ ಕಂಡರೂ ಸೆಳವಿರುತ್ತದೆ, ತಳದ ಬಂಡೆಗಳು ಜಾರುತ್ತವೆ. ಮೇಲೆ ಕೃಷ್ಣರಾಜಸಾಗರದಿಂದ ನೀರು ಬಿಟ್ಟಾಗ ಮಟ್ಟವೂ ಏರುತ್ತದೆ. ಈಜು ಬಲ್ಲೆನೆಂಬ ಹುಡುಗನೇ ಮೊದಲು ಇಳಿಯುವವನು. ನದಿಗೆ ಇಳಿಯಬಾರದೆಂಬ ಮಾತನ್ನು ಹೊರಡುವ ಮೊದಲೇ ತಂದೆತಾಯಿಯರ ಎದುರಿನಲ್ಲಿ ಹೇಳಿಬಿಡಬೇಕು.

ಉದ್ಯಾನದಿಂದ ಅನತಿದೂರದ ಗಂಜಾಂನಲ್ಲಿ ಅಬೆ ದ್ಯುಬುವಾ ಅವರ ಹೆಸರಿನ ದೇವಾಲಯವಿದೆ. 1792ರಲ್ಲಿ ಭಾರತಕ್ಕೆ ಬಂದ ಈ ಫ್ರೆಂಚ್ ಗುರುಗಳು, 1799ರಲ್ಲಿ ಪಟ್ಟಣ ಬಿದ್ದ ಬಳಿಕ ಇಲ್ಲಿನ ಚದುರಿದ ಕ್ರೈಸ್ತರನ್ನು ಒಗ್ಗೂಡಿಸಿದರು. ಮೈಸೂರು ಸೀಮೆಯಲ್ಲಿ ಸಿಡುಬಿನ ಲಸಿಕೆ ಹರಡಲು ದುಡಿದರು. ನಮ್ಮ ಜನರ ನಡೆನುಡಿಗಳ ಬಗ್ಗೆ ಅವರು ಬರೆದ ಗ್ರಂಥದ ಹಲವು ತೀರ್ಪುಗಳನ್ನು ನಾನು ಒಪ್ಪಲಾರೆ, ಅದು ಬೇರೆ ಮಾತು. ಬಿಸಿಲು ಇಳಿದ ಮೇಲೆ ಮಕ್ಕಳನ್ನು ಅಲ್ಲಿಗೆ ಕರೆದೊಯ್ಯಿರಿ. ಜಪಸರಕ್ಕೆ ಅಲ್ಲಿಯೇ ಕುಳಿತರೆ ಕತ್ತಲಾಗುವ ಮುನ್ನ ಬಸ್ಸು ಹೊರಡಬಹುದು.