ಕಣ್ಣಿಗೆ ಬಿದ್ದರೂ ಗಮನಕ್ಕೆ ಬಾರದ ಎಡ

ಕಣ್ಣು ನೆಟ್ಟಗಿದ್ದರೆ ಎದುರಿಗಿರುವುದೆಲ್ಲ ಕಾಣುತ್ತದೆ ಎಂದೇ ನಾವು ನಂಬಿರುತ್ತೇವೆ. ಈ ನಂಬಿಕೆಯನ್ನು ಅಲುಗಾಡಿಸಿದವರಲ್ಲಿ ಬುಡಾಪೆಸ್ಟ್‌ನ ವೈದ್ಯ ರೆಜೊ ಬಾಲಿಂಟ್ ಮುಖ್ಯರು. 1909ರಲ್ಲಿ ಅವರು ವಿವರಿಸಿದ ರೋಗಿಗೆ ದೃಷ್ಟಿ ಇತ್ತು. ಆದರೆ ಒಂದು ಸಲಕ್ಕೆ ಒಂದೇ ವಸ್ತು ಗಮನಕ್ಕೆ ಬರುತ್ತಿತ್ತು, ಅದು ದೊಡ್ಡದಿರಲಿ, ಚಿಕ್ಕದಿರಲಿ. ಹಾನಿಯಾಗಿದ್ದದ್ದು ಮಿದುಳಿನ ಎರಡೂ ಬದಿಯ ಪ್ಯಾರೈಟಲ್ ಭಾಗದಲ್ಲಿ, ಅಂದರೆ ನೆತ್ತಿಯ ಹಿಂಬದಿಯಲ್ಲಿ.

ಮೊದಲ ಮಹಾಯುದ್ಧದಲ್ಲಿ ತಲೆಗೆ ಗುಂಡೇಟು ಬಿದ್ದ ಸೈನಿಕರಲ್ಲಿ ಗಾರ್ಡನ್ ಹೋಮ್ಸ್ ಇಂಥದೇ ತೊಂದರೆಗಳನ್ನು ಕಂಡರು. 1941ರಲ್ಲಿ ರಸೆಲ್ ಬ್ರೇನ್ ಇನ್ನೊಂದು ಬಗೆಯ ರೋಗಿಗಳ ಬಗ್ಗೆ ಬರೆದರು. ಅವರ ಮಿದುಳಿನ ಬಲಭಾಗಕ್ಕೆ ಪೆಟ್ಟಾಗಿತ್ತು. ಎಡಕ್ಕೆ ತಿರುಗಬೇಕಾದಲ್ಲೆಲ್ಲ ಬಲಕ್ಕೆ ತಿರುಗಿ, ಸ್ವಂತ ಮನೆಯಲ್ಲೇ ದಾರಿ ತಪ್ಪುತ್ತಿದ್ದರು.

ನನ್ನನ್ನು ಬಹುವಾಗಿ ಕಾಡಿದ್ದು ಮಿಲಾನ್‌ನ ಪ್ರಯೋಗ. 1978ರಲ್ಲಿ ಎಡೊಆರ್ಡೊ ಬಿಸಿಯಾಕ್ ಮತ್ತು ಕ್ಲಾಡಿಯೊ ಲುಝಾಟ್ಟಿ ಇಂಥ ಇಬ್ಬರು ರೋಗಿಗಳಿಗೆ, ಊರಿನ ದೊಡ್ಡ ಚರ್ಚಿನ ಮುಂದಿನ ಚೌಕವನ್ನು ನೆನಪಿಸಿಕೊಳ್ಳಲು ಹೇಳಿದರು. ಚರ್ಚಿಗೆ ಮುಖ ಮಾಡಿ ನಿಂತಂತೆ ಊಹಿಸಿಕೊಂಡಾಗ ಬಾಯಿಗೆ ಬಂದದ್ದು ಹೆಚ್ಚಾಗಿ ಬಲಗಡೆಯ ಕಟ್ಟಡಗಳು. ಈಗ ಚರ್ಚಿನ ಮೆಟ್ಟಿಲ ಮೇಲೆ ನಿಂತು ಚೌಕದತ್ತ ನೋಡುತ್ತಿದ್ದೀರಿ ಎಂದುಕೊಳ್ಳಿ ಎಂದರು. ಆಗ ಮೊದಲು ಬಿಟ್ಟಿದ್ದ ಕಟ್ಟಡಗಳೇ ಬಂದವು, ಮೊದಲು ಹೇಳಿದ್ದವು ಬಿಟ್ಟುಹೋದವು! ಅಂದರೆ ನೆನಪು ಅಳಿಸಿರಲಿಲ್ಲ. ಮನಸ್ಸಿನಲ್ಲಿ ಮೂಡಿದ ಚೌಕದ ಎಡಕ್ಕೂ ಗಮನ ಹೋಗುತ್ತಿರಲಿಲ್ಲ, ಅಷ್ಟೆ. ಕಣ್ಣಿನ ತಪ್ಪು ಎನ್ನಲು ಅಲ್ಲಿ ಕಣ್ಣಿಗೆ ಕೆಲಸವೇ ಇರಲಿಲ್ಲ.

ಹತ್ತು ವರ್ಷದ ನಂತರ ಜಾನ್ ಮಾರ್ಷಲ್, ಪೀಟರ್ ಹ್ಯಾಲಿಗನ್ ಒಬ್ಬ ಮಹಿಳೆಗೆ ಎರಡು ಮನೆಗಳ ಚಿತ್ರ ತೋರಿಸಿದರು. ಒಂದರ ಎಡಬದಿಯಿಂದ ಬೆಂಕಿ ಏಳುತ್ತಿತ್ತು. ಎರಡೂ ಒಂದೇ ಥರ ಇವೆ ಎಂದರು ಆಕೆ. ಯಾವುದರಲ್ಲಿ ವಾಸಿಸುತ್ತೀರಿ ಎಂದು ಕೇಳಿದರೆ ಮಾತ್ರ ಹೆಚ್ಚಿನ ಸಲ ಬೆಂಕಿಯಿಲ್ಲದ ಮನೆಯನ್ನೇ ಆರಿಸಿದರು. ಗಮನಕ್ಕೆ ಬಾರದ ಬೆಂಕಿಯೂ ಮಿದುಳಿನೊಳಗೆ ಎಲ್ಲೋ ತಲುಪಿತ್ತು.

ಈ ನಡುವೆ 1984ರಲ್ಲಿ ಅಮೆರಿಕದ ಮೈಕೆಲ್ ಪೋಸ್ನರ್ ತಂಡ, ಪ್ಯಾರೈಟಲ್ ಭಾಗಕ್ಕೆ ಹಾನಿಯಾದವರ ತೊಡಕು ಎಲ್ಲಿದೆ ಎಂದು ಹುಡುಕಿತ್ತು. ಹಾನಿಯಾದ ಬದಿಯಲ್ಲಿ ನೆಟ್ಟ ಗಮನವನ್ನು ಅಲ್ಲಿಂದ ಬಿಡಿಸಿ ಎದುರು ಬದಿಗೆ ಒಯ್ಯುವುದೇ ಅವರಿಗೆ ಕಷ್ಟವಾಗುತ್ತಿತ್ತು.

ಎಡಭಾಗವೇ ಹೆಚ್ಚಾಗಿ ಮರೆಯಾಗುವುದಕ್ಕೆ ವೈದ್ಯರು ಸಾಮಾನ್ಯವಾಗಿ ಕೊಡುವ ವಿವರಣೆ ಹೀಗಿದೆ: ಮಿದುಳಿನ ಬಲಭಾಗ ಎರಡೂ ಕಡೆಯನ್ನು ಗಮನಿಸುತ್ತದೆ, ಎಡಭಾಗ ಮುಖ್ಯವಾಗಿ ಬಲಗಡೆಯನ್ನು. ಹಾಗಾಗಿ ಬಲಭಾಗ ಕೆಟ್ಟರೆ ಎಡಗಡೆಗೆ ದಿಕ್ಕಿಲ್ಲ.

ಪಾರ್ಶ್ವವಾಯು ಹೊಡೆದ ಹಿರಿಯರು ತಟ್ಟೆಯ ಬಲಗಡೆಯ ಅನ್ನವನ್ನಷ್ಟೇ ಉಂಡು, ಎಡಗಡೆಯ ಪಲ್ಯವನ್ನು ಮುಟ್ಟದೆ ಎದ್ದರೆ, ಅರ್ಧ ಗಡ್ಡ ಮಾತ್ರ ಕೆರೆದುಕೊಂಡರೆ, ಅದನ್ನು ಹಟವೆಂದೋ ಅರಳುಮರಳೆಂದೋ ತಿಳಿದು ಗದರಬೇಡಿ. ವೈದ್ಯರಿಗೆ ತಿಳಿಸಿ. ಎಡಕ್ಕೆ ತಿರುಗಿ ನೋಡುವುದನ್ನು ಅಭ್ಯಾಸದಿಂದ ಮತ್ತೆ ಕಲಿಸಲು ಸಾಧ್ಯವಿದೆ.