ಕಾರಣ ತಿಳಿಯದ ಚರ್ಮದ ತುರಿಕೆಯೂ ಪಾರ್ಥೇನಿಯಂ ಕಳೆಯೂ

ಗ್ರಾಮಗಳಲ್ಲಿ ಸಂಚರಿಸುವಾಗ, ಮುಖ, ಕತ್ತು ಮತ್ತು ಮೊಳಕೈ ಮಡಿಕೆಗಳಲ್ಲಿ ಚರ್ಮವು ಕೆಂಪಾಗಿ ದಪ್ಪವೇರಿ, ಹಗಲಿರುಳೂ ತುರಿಕೆಯಿಂದ ನರಳುವ ರೈತರು ಅಲ್ಲಲ್ಲಿ ಕಣ್ಣಿಗೆ ಬೀಳುವರು. ಇದಕ್ಕೆ ಕೆಲವರು ನಂಜಿನ ಆಹಾರವೇ ಕಾರಣವೆಂದೂ, ಕೆಲವರು ನಾಗದೋಷವೆಂದೂ, ಮತ್ತೆ ಕೆಲವರು ಕುಷ್ಠವೆಂದೂ ಹೇಳುವುದುಂಟು. ಅನೇಕ ಸಂದರ್ಭಗಳಲ್ಲಿ ನಿಜವಾದ ಕಾರಣವು ನಮ್ಮ ಬದುಗಳ ಮೇಲೆಯೇ ಬೆಳೆದು ನಿಂತಿರುವುದು. ಅದನ್ನು ಗುರುತಿಸುವ ಕ್ರಮವನ್ನು ಗ್ರಾಮದ ಮುಖಂಡರಿಗೂ ಜಮೀನುದಾರರಿಗೂ ತಿಳಿಸುವುದೇ ಈ ಲೇಖನದ ಉದ್ದೇಶ.

ನನ್ನ ವ್ಯಾಪ್ತಿಯ ಒಂದು ಗ್ರಾಮದಲ್ಲಿ ಸುಮಾರು ಐವತ್ತು ವರ್ಷದ ರೈತರೊಬ್ಬರು ಮೂರು ವರ್ಷಗಳಿಂದ ಈ ಬಾಧೆಗೆ ಒಳಗಾಗಿದ್ದರು. ಬದನೆಕಾಯಿ, ಮೀನು, ಮೊಟ್ಟೆ ಎಲ್ಲವನ್ನೂ ಬಿಟ್ಟಿದ್ದರು, ನಾಗಪ್ರತಿಷ್ಠೆಯನ್ನೂ ಮಾಡಿಸಿದ್ದರು. ಗುಣ ಕಾಣಲಿಲ್ಲ. ಊರಿನವರು ಅವರೊಡನೆ ಪಂಕ್ತಿಯಲ್ಲಿ ಕೂರುವುದನ್ನು ಬಿಟ್ಟಿದ್ದರು. ಮಗಳ ಮದುವೆಯ ಮಾತುಕತೆಯೂ ಇದೇ ಕಾರಣದಿಂದ ನಿಂತುಹೋಗಿತ್ತು. ಅವರನ್ನು ವಿಚಾರಿಸಲಾಗಿ, ಪಟ್ಟಣದಲ್ಲಿದ್ದ ತಮ್ಮನ ಮನೆಯಲ್ಲಿ ಒಂದು ತಿಂಗಳಿದ್ದಾಗ ತುರಿಕೆಯು ಬಹುಪಾಲು ಇಳಿದುದಾಗಿಯೂ, ಊರಿಗೆ ಮರಳಿದ ಎರಡು ಮೂರು ದಿನಗಳಲ್ಲಿ ಪುನಃ ಏರಿದುದಾಗಿಯೂ ತಿಳಿಸಿದರು. ಆಹಾರವು ಎರಡು ಕಡೆಯೂ ಒಂದೇ ಆಗಿದ್ದಿತು. ಅವರ ಕಣದ ಸುತ್ತಲೂ ಹಿತ್ತಿಲಿನಲ್ಲಿಯೂ ಪಾರ್ಥೇನಿಯಂ, ಎಂದರೆ ಜನರು ಕಾಂಗ್ರೆಸ್ ಗಿಡವೆಂದು ಕರೆಯುವ ಕಳೆಯು, ಎದೆಯೆತ್ತರ ಬೆಳೆದಿದ್ದಿತು.

ಈ ಗಿಡವು ಅಮೆರಿಕ ಖಂಡದ ಉಷ್ಣ ಪ್ರದೇಶಗಳದು. 1955ರ ಸುಮಾರಿನಲ್ಲಿ ಪುಣೆಯಲ್ಲಿ ಇದು ಗಮನಕ್ಕೆ ಬಂದಿತು. ಅನಂತರ ದೇಶದಲ್ಲೆಲ್ಲಾ ಹಬ್ಬಿತು. ಇದರ ಎಲೆ, ಕಾಂಡ ಮತ್ತು ಹೂಗಳ ಮೇಲಿನ ಸೂಕ್ಷ್ಮ ರೋಮಗಳಲ್ಲಿ ಪಾರ್ಥೆನಿನ್ ಎಂಬ ದ್ರವ್ಯವಿರುವುದು. ಕೆಲವರ ದೇಹವು ಇದನ್ನು ಶತ್ರುವೆಂದು ಭಾವಿಸಿ ಪ್ರತಿಭಟಿಸುವುದರಿಂದ ಚರ್ಮವು ಉರಿಯುವುದು. ಇದನ್ನೇ ಅಲರ್ಜಿಯೆನ್ನುವರು. ಇದು ಒಬ್ಬರಿಂದೊಬ್ಬರಿಗೆ ಅಂಟತಕ್ಕ ರೋಗವಲ್ಲ. ಕುಷ್ಠದ ಮಚ್ಚೆಗಳಲ್ಲಾದರೋ ಸಾಮಾನ್ಯವಾಗಿ ತುರಿಕೆಯಿರದೆ ಸ್ಪರ್ಶಜ್ಞಾನವು ಕುಂದಿರುವುದು. ಅದಕ್ಕೂ ಈಗ ಪೂರ್ಣ ಚಿಕಿತ್ಸೆಯುಂಟು.

ಇಷ್ಟು ಹತ್ತಿರದ ಕಾರಣವು ತಿಳಿಯದೆ ಹೋಗುವುದಕ್ಕೆ ಮೂರು ಹೇತುಗಳುಂಟು. ಮೊದಲನೆಯದಾಗಿ, ಗಿಡವನ್ನು ಮುಟ್ಟಿದೊಡನೆ ತುರಿಕೆಯು ಬರುವುದಿಲ್ಲ. ಒಂದೆರಡು ದಿನಗಳ ಮೇಲೆ ಬರುವುದರಿಂದ, ರೋಗಿಯು ಆ ದಿನ ಉಂಡುದನ್ನು ದೂರುವನು. ಎರಡನೆಯದಾಗಿ, ವರ್ಷಗಟ್ಟಲೆ ಏನೂ ಆಗದೆ ಗಿಡವನ್ನು ಕಿತ್ತವನಿಗೂ ಒಂದು ದಿನ ದೇಹವು ಒಗ್ಗದಂತಾಗಬಹುದು. “ಹತ್ತು ವರ್ಷ ಇದನ್ನು ಕಿತ್ತಿದ್ದೇನೆ, ಈಗೇನು ಹೊಸದು?” ಎಂದು ಮೇಲೆ ಹೇಳಿದ ರೈತರೂ ನನ್ನನ್ನು ಕೇಳಿದರು. ಮೂರನೆಯದಾಗಿ, ಗಿಡವನ್ನು ಮುಟ್ಟಲೇಬೇಕೆಂಬ ನಿಯಮವಿಲ್ಲ. ಒಣಗಿದ ಗಿಡದ ಪುಡಿಯು ಗಾಳಿಯಲ್ಲಿ ಬಂದು ಮೈಮೇಲೆ ಕೂತರೂ ಸಾಕು. ಕೆಲವರಿಗೆ ಇದರ ಪರಾಗದಿಂದ ಸೀನು, ನೆಗಡಿ ಮತ್ತು ಉಬ್ಬಸಗಳೂ ಉಂಟಾಗುವುವು.

ಆದಕಾರಣ ಕಾರಣವನ್ನು ಊಹಿಸದೆ, ಕೆಳಗಿನಂತೆ ವಿಚಾರಿಸತಕ್ಕದ್ದು:—

(1) ಬಾಧೆಯು ಯಾವ ಭಾಗದಲ್ಲಿದೆ? ಬಟ್ಟೆ ಮುಚ್ಚಿದ ಭಾಗವು ಚೆನ್ನಾಗಿದ್ದು, ತೆರೆದ ಭಾಗವು ಕೆಟ್ಟಿದ್ದರೆ ಕಾರಣವು ಹೊರಗಿನದೆಂದು ಶಂಕಿಸಬಹುದು. ಬಿಸಿಲಿನಿಂದಾದ ಬಾಧೆಯು ಕಣ್ಣಿನ ರೆಪ್ಪೆ, ಗದ್ದದ ಕೆಳಭಾಗ ಮತ್ತು ಕಿವಿಯ ಹಿಂಭಾಗಗಳನ್ನು ಸಾಮಾನ್ಯವಾಗಿ ಬಿಟ್ಟುಬಿಡುವುದು. ಧೂಳು ಅಲ್ಲಿಯೂ ಸೇರುವುದು.

(2) ಯಾವ ಕಾಲದಲ್ಲಿ ಹೆಚ್ಚುವುದು? ಮೊದಮೊದಲು ಕಾಲಕಾಲಕ್ಕೆ ಬಂದು ಹೋಗುವ ಬಾಧೆಯು ಕ್ರಮೇಣ ವರ್ಷವಿಡೀ ನಿಲ್ಲಬಹುದು.

(3) ಊರು ಬಿಟ್ಟಾಗ ಇಳಿಯುವುದೇ? ಮರಳಿದಾಗ ಏರುವುದೇ?

(4) ಹಿಂದಿನ ಮೂರು ದಿನಗಳಲ್ಲಿ ಮಾಡಿದ ಕೆಲಸವೇನು? ಸಿಂಪಡಿಸಿದ ಔಷಧಿ, ಮುಟ್ಟಿದ ಗೊಬ್ಬರ, ಕಿತ್ತ ಕಳೆ ಎಲ್ಲವನ್ನೂ ಬರೆದಿಡಬೇಕು.

ಈ ಬರಹದೊಡನೆ ರೋಗಿಯನ್ನು ಚರ್ಮವೈದ್ಯರ ಬಳಿಗೆ ಕಳುಹಿಸಬೇಕು. ಅವರು ಶಂಕಿತ ದ್ರವ್ಯಗಳನ್ನು ಅಲ್ಪ ಪ್ರಮಾಣದಲ್ಲಿ ಬೆನ್ನಿನ ಮೇಲಿರಿಸಿ ಪಟ್ಟಿ ಹಚ್ಚಿ, ಎರಡು ದಿನಗಳ ಮೇಲೆ ತೆಗೆದು, ಯಾವ ಸ್ಥಳವು ಕೆಂಪಾಯಿತೆಂದು ನೋಡಿ ನಿರ್ಣಯಿಸುವರು. ಹಸಿ ಎಲೆಯನ್ನು ಮೈಗೆ ಉಜ್ಜಿ ಮನೆಯಲ್ಲಿಯೇ ಪರೀಕ್ಷಿಸುವುದು ಅಪಾಯಕರ. ಮೇಲಿನ ರೈತರಿಗೆ ಈ ಪರೀಕ್ಷೆಯಲ್ಲಿ ಪಾರ್ಥೇನಿಯಂ ಇದ್ದ ಸ್ಥಳವೇ ಕೆಂಪಾಗಿ ಉಬ್ಬಿತು.

ನಿವಾರಣೆಯು ಒಬ್ಬರಿಂದ ಆಗತಕ್ಕದ್ದಲ್ಲ. ಒಂದು ಗಿಡವು ಹತ್ತು ಸಾವಿರಕ್ಕೂ ಮಿಕ್ಕಿ ಬೀಜ ಬಿಡಬಲ್ಲುದು. ಒಬ್ಬನು ಕಿತ್ತರೂ ನೆರೆಯವನ ಬೀಳು ಭೂಮಿಯಿಂದ ಪುನಃ ಬರುವುದು. ಮಳೆಯಾದ ಮೇಲೆ ನೆಲವು ಹಸಿಯಾಗಿರುವಾಗ, ಹೂವಾಗುವುದಕ್ಕೆ ಮುಂಚೆ, ಊರಿನವರೆಲ್ಲರೂ ಒಂದು ದಿನ ಗೊತ್ತುಮಾಡಿ ಬೇರುಸಹಿತ ಕೀಳಬೇಕು. ಕೈಚೀಲ, ತುಂಬುತೋಳಿನ ಅಂಗಿಗಳನ್ನು ಧರಿಸಿ, ಕೆಲಸದ ಮೇಲೆ ಸ್ನಾನ ಮಾಡಿ ಬಟ್ಟೆ ಒಗೆಯಬೇಕು. ಕಿತ್ತ ಗಿಡವನ್ನು ಮನೆಯ ಬಳಿ ಒಣಗಲು ಬಿಡದೆ, ಹೂವಿಲ್ಲದಿರುವಾಗಲೇ ಗುಂಡಿಯಲ್ಲಿ ಮುಚ್ಚಿ ಗೊಬ್ಬರ ಮಾಡಬಹುದು. ಮೆಕ್ಸಿಕೋ ದೇಶದಿಂದ ತರಿಸಿ 1984ರಲ್ಲಿ ಬೆಂಗಳೂರಿನಲ್ಲಿ ಮೊದಲು ಬಿಟ್ಟ ಜೈಗೊಗ್ರಾಮ ಎಂಬ ದುಂಬಿಯು ಮಳೆಗಾಲದಲ್ಲಿ ಇದರ ಎಲೆಗಳನ್ನು ತಿನ್ನುವುದು. ಅದನ್ನು ಕಂಡರೆ ಕೊಲ್ಲಬಾರದು. ಒಮ್ಮೆ ಈ ಅಲರ್ಜಿಗೆ ಗುರಿಯಾದವರನ್ನು ಮಾತ್ರ, ಅವರು ಎಷ್ಟೇ ನುರಿತ ಕೆಲಸಗಾರರಾಗಿರಲಿ, ಈ ಕೆಲಸಕ್ಕೆ ಕರೆಯಕೂಡದು.

ಆ ಗ್ರಾಮದ ಮುಖಂಡರು ಎರಡು ಮುಂಗಾರುಗಳಲ್ಲಿ ಹೀಗೆಯೇ ನಡೆಸಿದರು. ರೈತರ ಬಾಧೆಯು ಸಂಪೂರ್ಣವಾಗಿ ಹೋಗಲಿಲ್ಲ. ಆದರೆ ಅವರು ರಾತ್ರಿ ನಿದ್ರಿಸುವಂತಾದರು. ಮಗಳ ಮದುವೆಯಲ್ಲಿ ಊರಿನ ಮುಖಂಡರೇ ಮೊದಲ ಪಂಕ್ತಿಯಲ್ಲಿ ಅವರ ಪಕ್ಕದಲ್ಲಿ ಕುಳಿತು ಊಟಮಾಡಿದರು. ತಮ್ಮ ಗ್ರಾಮದಲ್ಲಿಯೂ ಇಂತಹವರಿದ್ದರೆ, ಅವರನ್ನು ದೂರವಿಡುವುದಕ್ಕೆ ಮುಂಚೆ, ಒಮ್ಮೆ ಅವರ ಹಿತ್ತಿಲನ್ನು ನೋಡಿ ಬರಬೇಕೆಂದು ವಾಚಕರನ್ನು ಪ್ರಾರ್ಥಿಸುತ್ತೇನೆ.